ಅಪ್‌ಡೇಟ್: ಅಮ್ಮನ ಜೊತೆ ಚಾಟ್ಸ್‌ವರ್ತ್ ನೋಡಿ ಬಂದೆ

ಮಂಡಿನೋವಿರುವ ಅಮ್ಮನಿಗೆ ಇಂಗ್ಲೆಂಡಿನ ಡರ್ಬಿಶೈರ್‌ನ ಚಾಟ್ಸ್‌ವರ್ತ್ ಬಂಗಲೆ, ತೋಟ ಎರಡನ್ನೂ ಒಂದೇ ದಿನದಲ್ಲಿ ತೋರಿಸಬಹುದೇ ಎಂದು ಕೇಳಿದ್ದೆ. "ಮೊದಲು ತೋಟಕ್ಕೆ ಹೋಗಿ" ಅಂದವರಿಗೆ ತುಂಬಾ ಥ್ಯಾಂಕ್ಸ್, ಹಾಗೇ ಮಾಡಿದೆವು.

105 ಎಕರೆ, ಪೂರ್ತಿ ಸುತ್ತಲು ಆಗಲಿಲ್ಲ. ಎಂಪರರ್ ಕಾರಂಜಿಯ ಎದುರೇ ಅಮ್ಮ ಬಹಳ ಹೊತ್ತು ಕೂತಳು. 1844ರಲ್ಲಿ ಇಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಮಾಡಿದ್ದು. ಪಂಪಿಲ್ಲ, ಗುಡ್ಡದ ಮೇಲಿನ ಕೆರೆಯಿಂದ ಇಳಿದು ಬರುವ ನೀರಿನ ಒತ್ತಡಕ್ಕೇ ಚಿಮ್ಮುತ್ತದೆ! ನಮ್ಮ ಪಚ್ಚಬಾಳೆ ಸೇರುವ ಕ್ಯಾವೆಂಡಿಷ್ ಗುಂಪಿಗೆ ಈ ಬಂಗಲೆಯ ಕ್ಯಾವೆಂಡಿಷ್ ಮನೆತನದ್ದೇ ಹೆಸರು, 1830ರ ದಶಕದಲ್ಲಿ ಪ್ಯಾಕ್ಸ್‌ಟನ್ ಆ ಬಾಳೆಯನ್ನು ಇಲ್ಲಿನ ಗಾಜಿನಮನೆಯಲ್ಲಿ ಬೆಳೆಸಿದ್ದ ಅಂದಾಗ ಅಮ್ಮನ ಮುಖ ಅರಳಿತು. "ಇಷ್ಟು ಚಳಿಯಲ್ಲಿ ಬಾಳೆನಾ?" ಅಂತ ಮತ್ತೆಮತ್ತೆ ಕೇಳಿದಳು.

ಬಂಗಲೆಯೊಳಗೆ ಚಿತ್ರಗಳ ಹಜಾರವೊಂದನ್ನೇ ನಿಧಾನವಾಗಿ ನೋಡಿದೆವು. ಉಳಿದದ್ದಕ್ಕೆ ಇನ್ನೊಮ್ಮೆ ಹೋಗುತ್ತೇವೆ.