ಸಹಾಯ ಬೇಕು: ಆಟದ ನದಿ ಹೊರದಂಡೆಯನ್ನು ಮಾತ್ರ ಕೊರೆಯುವಂತೆ ಮಾಡುವುದು ಹೇಗೆ?

ಒಂಬತ್ತನೇ ತರಗತಿಯ ಮಕ್ಕಳಿಗೆ ನದಿ ಕೊರೆತದ ಪಾಠವನ್ನು, ಬ್ಲಾಕ್ ಜೋಡಿಸಿ ಲೋಕ ಕಟ್ಟುವ 'ಲುವಾಂಟಿ' ಎಂಬ ಕಂಪ್ಯೂಟರ್ ಆಟದಲ್ಲಿ ಮಾಡುತ್ತಿದ್ದೇನೆ. ನಮ್ಮದು ಕೊಡಗು, 2018, 2019ರ ಮಳೆಗಾಲವನ್ನು ಕಂಡ ಮನೆಗಳ ಮಕ್ಕಳು. ಆಟದ ಹೊಳೆಯ ತಿರುವಿನಲ್ಲಿ ಒಬ್ಬಳು ಲಾವಂಚದ ಸಾಲು ನೆಟ್ಟಿದ್ದಾಳೆ, ಇನ್ನೊಬ್ಬ ತಂತಿಬಲೆಯೊಳಗೆ ಕಲ್ಲು ತುಂಬಿದ ಗೋಡೆ ಕಟ್ಟಿದ್ದಾನೆ. ಯಾವುದು ನಿಲ್ಲುತ್ತದೆ ಎಂದು ಕಾಯುತ್ತಿದ್ದಾರೆ. ಆದರೆ ಆಟದ ನೀರು ಮಣ್ಣನ್ನು ಕೊರೆಯುವುದೇ ಇಲ್ಲ!

ದಂಡೆಗೆ ಮರಳು ಹಾಕಿ ನೋಡಿದೆ. ಅಡಿಯ ಬ್ಲಾಕ್ ತೆಗೆದರೆ ಬೀಳುತ್ತದೆಯೇ ಹೊರತು ನೀರು ಅದನ್ನು ಕೊಚ್ಚಿಕೊಂಡು ಹೋಗುವುದಿಲ್ಲ. ನಾನೇ ಬ್ಲಾಕ್ ಕಿತ್ತು ತೋರಿಸಿದರೆ, "ಇದು ನದಿ ಮಾಡಿದ್ದಲ್ಲ" ಎಂದರು. ಸರಿಯಾದ ಮಾತೇ. ಕೊನೆಗೆ, ನೀರಿಗೆ ತಾಗಿದ ಮಣ್ಣಿನ ಬ್ಲಾಕ್ ಆಗೊಮ್ಮೆ ಈಗೊಮ್ಮೆ ಮಾಯವಾಗುವಂತೆ ಲುವಾ ಭಾಷೆಯಲ್ಲಿ ಕೋಡ್ ಬರೆದೆ. ಈಗ ಎರಡೂ ದಂಡೆಗಳು ಒಂದೇ ಸಮ ಸವೆಯುತ್ತಿವೆ. ನಿಜವಾದ ಹೊಳೆ ತಿರುವಿನ ಹೊರದಂಡೆಯನ್ನು ಕೊರೆದು, ಒಳದಂಡೆಯಲ್ಲಿ ಮರಳು ಬಿಟ್ಟು ಹೋಗುತ್ತದೆ. ಪಾಠದ ಜೀವವೇ ಅದು.

ಸಿಕ್ಕಿಕೊಂಡಿರುವುದು ಇಲ್ಲಿ: ಹರಿಯುವ ನೀರು ಸಮತಟ್ಟಿನಲ್ಲಿ ಹೆಚ್ಚು ಬ್ಲಾಕ್‌ ದಾಟದ ಕಾರಣ ಇಡೀ ಪಾತ್ರಕ್ಕೆ ಮೂಲನೀರಿನ (ಹರಿವು ಹುಟ್ಟುವ, ತಾನು ನಿಂತೇ ಇರುವ ನೀರಿನ) ಬ್ಲಾಕ್‌ಗಳನ್ನೇ ತುಂಬಿದ್ದೇನೆ. ಅವಕ್ಕೆ ಹರಿವಿನ ದಿಕ್ಕೇ ಇಲ್ಲ. ಹಾಗಿದ್ದರೆ ಹೊರದಂಡೆ ಯಾವುದೆಂದು ಕೋಡ್ ಗುರುತಿಸುವಂತೆ ಮಾಡುವುದು ಹೇಗೆ? ಅಥವಾ ಅಲ್ಲಿ ಬೇಗ ಸವೆಯುವ ಬೇರೆ ಮಣ್ಣಿನ ಬ್ಲಾಕ್ ಅನ್ನು ನಾನೇ ಇಟ್ಟರೆ ಸಾಕೇ?