ಕೊಲೆಯ ವಿವರಗಳು ನಮ್ಮನ್ನು ಸೆಳೆಯುವುದೇಕೆ?

ಪ್ರಶ್ನೆ

ಕೊಲೆಯ ಸುದ್ದಿ ಕಣ್ಣಿಗೆ ಬಿದ್ದರೆ ನಾನು ಅದನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ. ಹೇಗೆ ಕೊಂದರು, ಎಷ್ಟು ಸಲ ಇರಿದರು ಎಂಬ ವಿವರಗಳನ್ನು ಹುಡುಕಿಕೊಂಡು ಹೋಗುತ್ತೇನೆ. ಯಾರಿಗಾದರೂ ಒಂದು ಏಟು ಬಿದ್ದದ್ದನ್ನು ಎದುರಿಗೆ ಕಂಡರೂ ಕೈಕಾಲು ನಡುಗುವ ನನಗೆ ಈ ಸೆಳೆತ ಎಲ್ಲಿಂದ ಬಂತು? ಕೊಲ್ಲುವ ಆಸೆ ಮನುಷ್ಯನೊಳಗೇ ಅಡಗಿದೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಈ ಸೆಳೆತ ನಿಮ್ಮೊಬ್ಬರದಲ್ಲ, ಇಂದಿನದೂ ಅಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ಲಿಯೊಂಟಿಯಸ್ ಎಂಬವನ ಪ್ರಸಂಗವನ್ನು ಬರೆದಿದ್ದಾನೆ. ಅಥೆನ್ಸ್‌ನ ಗೋಡೆಯ ಹೊರಗೆ, ಮರಣದಂಡನೆ ಜಾರಿಮಾಡುವವನ ಬಳಿ ಬಿದ್ದಿದ್ದ ಹೆಣಗಳನ್ನು ಕಂಡ ಆತ, ನೋಡಬೇಕೆಂಬ ಆಸೆಗೂ ಅಸಹ್ಯಕ್ಕೂ ನಡುವೆ ಹೊಯ್ದಾಡಿ, ಮುಖ ಮುಚ್ಚಿಕೊಂಡು, ಕಡೆಗೆ ಸೋತು ಅವುಗಳತ್ತ ಓಡಿ, ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ಕ್ರೈಸ್ತ ಸಂತ ಅಗಸ್ಟೀನ್ ಹೇಳುವ, ತನ್ನ ಗೆಳೆಯ ಅಲಿಪಿಯಸ್‌ನ ಕಥೆ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಗೆಳೆಯರು ರೋಮ್‌ನ ಕಾದಾಟದ ಅಂಗಣಕ್ಕೆ ಬಲವಂತವಾಗಿ ಎಳೆದೊಯ್ದಾಗ ಅವನು ಕಣ್ಣು ಮುಚ್ಚಿ ಕುಳಿತಿದ್ದನು. ಜನಸಮೂಹ ಒಮ್ಮೆ ಭೋರ್ಗರೆದಾಗ ಕಣ್ಣು ತೆರೆದವನು, ಆಮೇಲೆ ತಾನಾಗಿಯೇ ಇತರರನ್ನೂ ಅಲ್ಲಿಗೆ ಕರೆದುಕೊಂಡು ಹೋಗುವಂತಾದನು. ಅವನ ಕಣ್ಣು ತೆರೆಸಿದ್ದು ರಕ್ತವಲ್ಲ, ಸುತ್ತಲಿನವರ ಕೂಗು.

ಉತ್ತರ 2

ನೋಡುವ ಆಸೆಯನ್ನೂ ಕೊಲ್ಲುವ ಆಸೆಯನ್ನೂ ಒಂದೇ ಎಂದು ಭಾವಿಸಬಾರದು. ಅಪಾಯ ಎಲ್ಲಿಂದ, ಹೇಗೆ ಬರುತ್ತದೆ ಎಂಬುದನ್ನು ಸುರಕ್ಷಿತ ದೂರದಿಂದ ತಿಳಿದುಕೊಳ್ಳುವ ಎಚ್ಚರವೂ ಈ ಕುತೂಹಲದಲ್ಲಿ ಸೇರಿರಬಹುದು. ಕೊಲ್ಲುವ ಕೈಯ ಮಾತು ಬೇರೆ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪ್ರಯೋಗಗಳಲ್ಲಿ, ಮೊದಲು ಪ್ರಕಟವಾದ ಸುತ್ತಿನ 40 ಮಂದಿಯಲ್ಲಿ 26 ಮಂದಿ, ತಾವು ಕೊಡುತ್ತಿರುವ ವಿದ್ಯುತ್ ಆಘಾತದಿಂದ ಪಕ್ಕದ ಕೋಣೆಯಲ್ಲಿರುವವನಿಗೆ ನೋವಾಗುತ್ತಿದೆಯೆಂದು ನಂಬಿಯೂ 450 ವೋಲ್ಟ್‌ನ ಕೊನೆಯ ಗುಂಡಿಯನ್ನು ಒತ್ತಿದರು. (ವಿದ್ಯುತ್ ನಿಜವಾದುದಾಗಿರಲಿಲ್ಲ.) ಅವರು ಬೆವರಿದರು, ನಡುಗಿದರು, ತುಟಿ ಕಚ್ಚಿಕೊಂಡರು, ಆದರೂ ಮುಂದುವರಿಸೆಂದು ಹೇಳುವವನು ಪಕ್ಕದಲ್ಲಿದ್ದುದರಿಂದ ಒತ್ತಿದರು. ಅಲ್ಲಿ ನನಗೆ ಕಾಣುವುದು ರಕ್ತದಾಹವಲ್ಲ, ವಿಧೇಯತೆ. ಹಾಗಾಗಿ ನಿಮ್ಮ ಓದಿನ ಹಿಂದೆ ಒಬ್ಬ ಕೊಲೆಗಾರ ಅಡಗಿದ್ದಾನೆಂದು ದಯವಿಟ್ಟು ಹೆದರಬೇಡಿ.

ಉತ್ತರ 3

ಹೆದರಬೇಕಾಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನೋಟದಿಂದ ಯಾರಿಗೂ ಕೇಡಿಲ್ಲ ಎಂಬ ಅರ್ಥ ಬಂದರೆ ಅದನ್ನು ಒಪ್ಪಲಾರೆ. 1936ರಲ್ಲಿ ಅಮೆರಿಕದ ಓವೆನ್ಸ್‌ಬರೊದಲ್ಲಿ ಒಬ್ಬನನ್ನು ಬಹಿರಂಗವಾಗಿ ಗಲ್ಲಿಗೇರಿಸುವುದನ್ನು ನೋಡಲು ಸುಮಾರು 20,000 ಜನ ಸೇರಿದ್ದರು. 1939ರ ಜೂನ್‌ನಲ್ಲಿ ವರ್ಸೇಲ್ಸ್‌ನಲ್ಲಿ ನಡೆದ ಶಿರಚ್ಛೇದದ ವೇಳೆ ಜನ ನಡೆದುಕೊಂಡ ರೀತಿಗೆ ಫ್ರಾನ್ಸ್ ಸರ್ಕಾರವೇ ನಾಚಿ ಮರಣದಂಡನೆಯನ್ನು ಸೆರೆಮನೆಯ ಗೋಡೆಗಳ ಒಳಕ್ಕೆ ಸರಿಸಿತು. ವೇದಿಕೆ ಹೋಯಿತು, ಪ್ರೇಕ್ಷಕರು ಉಳಿದರು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರ ಸಾವಿಗೆ ಕಾರಣನಾದವನು ತನ್ನ ಕೃತ್ಯವನ್ನು ನೇರಪ್ರಸಾರ ಮಾಡಿದನು. ಮೊದಲ 24 ಗಂಟೆಗಳಲ್ಲಿ ಆ ದೃಶ್ಯದ ಸುಮಾರು 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ ತಿಳಿಸಿತು. ಪ್ರೇಕ್ಷಕರು ಸಿಕ್ಕೇ ಸಿಗುತ್ತಾರೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅವನ ಹೆಸರನ್ನು ತಾನು ಎಂದಿಗೂ ಉಚ್ಚರಿಸುವುದಿಲ್ಲವೆಂದೂ, ಸತ್ತವರ ಹೆಸರುಗಳನ್ನು ಹೇಳಬೇಕೆಂದೂ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಕೋರಿದ್ದು ಈ ಕಾರಣಕ್ಕೇ. ನೀವು ಓದುವ ಸುದ್ದಿಗಳಲ್ಲಿ ನಿಮ್ಮ ನೆನಪಿನಲ್ಲಿ ಉಳಿಯುವುದು ಯಾರ ಹೆಸರು?

ಪ್ರಶ್ನೆ ಕೇಳಿದವರು

ನಿಮ್ಮ ಮಾತನ್ನು ಓದಿದ ಮೇಲೆ, ಕಳೆದ ವಾರ ಓದಿದ್ದ ಸುದ್ದಿಯೊಂದನ್ನು ಮತ್ತೆ ತೆರೆದು ನೋಡಿದೆ. ಕೊಂದವನ ಹೆಸರು, ವಯಸ್ಸು, ಬಳಸಿದ ಆಯುಧ ಎಲ್ಲವೂ ನನಗೆ ನೆನಪಿದ್ದವು. ಸತ್ತ ಹೆಣ್ಣುಮಗಳ ಬಗ್ಗೆ ಅಲ್ಲಿ ಎರಡು ಸಾಲುಗಳಿದ್ದವು; ಅವನ್ನು ನಾನು ಮೊದಲ ಸಲ ಓದಿಯೇ ಇರಲಿಲ್ಲ.