1:32ರ ಬೋಟಿಗೆ 1:35ರ ಸಾಮಾನು ಹೊಂದುತ್ತದಾ?

ಪ್ರಶ್ನೆ, ಕುಂಬಳೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ 48 ಅಡಿಯ ಟ್ರಾಲ್ ಬೋಟಿನ (ಬಲೆ ಎಳೆದು ಮೀನು ಹಿಡಿಯುವ ಬೋಟು) ಮಾದರಿ ಮಾಡುತ್ತಿದ್ದೇನೆ. ಸ್ಕೇಲ್ 1:32, ಅಂದರೆ ಒಂದು ಅಡಿಗೆ 3/8 ಇಂಚು. ಬಾಡಿ 18 ಇಂಚು ಉದ್ದ ಬಂದಿದೆ, ಕ್ಯಾಬಿನ್ ಕೂಡ ಎದ್ದು ನಿಂತಿದೆ. ಇನ್ನು ಡೆಕ್ಕಿನ ಮೇಲಿನ ಸಾಮಾನು ಆಗಬೇಕು. ಆನ್‌ಲೈನಲ್ಲಿ ಹುಡುಕಿದರೆ ಮನುಷ್ಯರು, ಬ್ಯಾರೆಲ್, ಕ್ರೇಟ್ ಎಲ್ಲ 1:35ರಲ್ಲಿ ಸಿಗುತ್ತವೆ. ಲಂಗರು, ವಿಂಚ್ (ಬಲೆಯ ಹಗ್ಗ ಸುತ್ತಿ ಎಳೆಯುವ ಯಂತ್ರ) 1:30ರದ್ದು ಉಂಟು. ಮಗನ ಹಳೆಯ 1:24 ಕಾರಿನ ಟಯರ್, ಸ್ಟಿಯರಿಂಗ್ ಕೈಯಲ್ಲೇ ಇವೆ. 1:32 ಅಂತ ಬರೆದ ಸಾಮಾನು ಸಿಗುವುದೇ ಕಷ್ಟ. ಸಿಕ್ಕರೂ ತರಿಸುವ ಖರ್ಚು ಸಾಮಾನಿನ ಬೆಲೆಗಿಂತ ಜಾಸ್ತಿ. ಹೀಗೆ ಬೆರೆಸಿದರೆ ನೋಡುವವರಿಗೆ ಗೊತ್ತಾಗುತ್ತದಾ? ಮಾಡಿ ನೋಡಿದವರು ಹೇಳಿ.

ಮಂಜೇಶ್ವರದಿಂದ

ಕೆಲವು ಗೊತ್ತಾಗುತ್ತವೆ, ಕೆಲವು ಗೊತ್ತಾಗುವುದಿಲ್ಲ. ಯಾವುದು ಹೇಗೆ ಅಂತ ತಿಳಿಯಲು ಪೊಟ್ಟಣದ ಮೇಲಿನ ಸ್ಕೇಲನ್ನು ಮೊದಲು ಮರೆತುಬಿಡಿ. ವರ್ನಿಯರ್ (ಸೂಕ್ಷ್ಮ ಅಳತೆ ತೆಗೆಯುವ ಸಾಧನ) ಹಿಡಿದು ಸಾಮಾನನ್ನು ಅಳೆಯಿರಿ. ಬಂದ ಅಳತೆಯನ್ನು 32ರಿಂದ ಗುಣಿಸಿ. ಅಷ್ಟು ದೊಡ್ಡ ವಸ್ತು ನಮ್ಮ ಬಂದರಿನಲ್ಲಿ ಉಂಟಾ ಅಂತ ಯೋಚಿಸಿ. ಉಂಟು ಅಂತಾದರೆ ಅದು ನಿಮ್ಮ ಬೋಟಿನ ಸಾಮಾನೇ. ಮಾಡಿದವರು ಏನು ಬರೆದರೂ ನಮಗೇನು?

ಮೀನಿನ ಕ್ರೇಟನ್ನೇ ನೋಡಿ. 60 × 40 ಸೆಂ.ಮೀ. ಕ್ರೇಟನ್ನು 1:35ರಲ್ಲಿ ಮಾಡಿದರೆ ಸುಮಾರು 17 × 11.5 ಮಿ.ಮೀ. ಬರುತ್ತದೆ. ಅದನ್ನು 32ರಿಂದ ಗುಣಿಸಿದರೆ ಸುಮಾರು 55 × 37 ಸೆಂ.ಮೀ. ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಪ್ಲಾಸ್ಟಿಕ್ ಕ್ರೇಟಿನ ಒಂದು ಅಳತೆ 54 × 36. ಅಂದರೆ ತಪ್ಪು ಸ್ಕೇಲಿನ ಕ್ರೇಟ್ ನಿಮ್ಮ ಬೋಟಿಗೆ ಏರಿದ ಮೇಲೆ ಊರಿನ ಕ್ರೇಟ್ ಆಯಿತು.

ಟಯರಿನ ಕತೆ ಇನ್ನೂ ಚೆನ್ನಾಗಿದೆ. ಕಾರಿನ ಟಯರ್ ಹೊರಗಿನಿಂದ ಸುಮಾರು 60 ಸೆಂ.ಮೀ. 1:24ರಲ್ಲಿ 25 ಮಿ.ಮೀ. ನಿಮ್ಮ ಬೋಟಿನಲ್ಲಿ ಅದು 80 ಸೆಂ.ಮೀ. ಆಗುತ್ತದೆ. 407 ಟೆಂಪೋದ ಟಯರ್ ಹೆಚ್ಚುಕಡಿಮೆ ಅಷ್ಟೇ. ಬಂದರಿನ ಕಟ್ಟೆಗೆ ತಾಗದಂತೆ ಬೋಟಿನ ಬದಿಗೆ ಕಟ್ಟುವ ಟಯರಿಗೆ ಇದಕ್ಕಿಂತ ಒಳ್ಳೆಯದು ಬೇಕಾ? 1:43ರ ಕಾರಿನ ಟಯರ್ ಆದರೆ 14 ಮಿ.ಮೀ., ನಿಮ್ಮ ಲೆಕ್ಕದಲ್ಲಿ 45 ಸೆಂ.ಮೀ. ಅದು ಸ್ಕೂಟರ್ ಟಯರ್. ಅದನ್ನೂ ಕಟ್ಟುವವರಿದ್ದಾರೆ. ಎರಡನ್ನೂ ಬೆರೆಸಿ ಕಟ್ಟಿ, ಒಂದೆರಡನ್ನು ಸ್ವಲ್ಪ ಓರೆ ಮಾಡಿ. ಎಲ್ಲ ಒಂದೇ ಅಳತೆಯ ಹೊಸ ಟಯರ್ ಇರುವ ಬೋಟು ಎಲ್ಲಿ ಉಂಟು ಮಾರಾಯ್ರೇ?

ಲಂಗರು, ಹಗ್ಗದ ಸುರುಳಿ, ರಾಟೆ, ಬಲೆಯ ಫ್ಲೋಟು ಇವೆಲ್ಲ ಇದೇ ಜಾತಿ. ನಿಜ ಜೀವನದಲ್ಲೇ ಹತ್ತು ಅಳತೆಯಲ್ಲಿ ಬರುತ್ತವೆ. 1:30ರ ಲಂಗರು ಧೈರ್ಯವಾಗಿ ಹಾಕಿ.

ತೊಂದರೆ ಬರುವುದು ಎಲ್ಲ ಕಡೆ ಒಂದೇ ಅಳತೆ ಇರುವ ವಸ್ತುಗಳಲ್ಲಿ. 200 ಲೀಟರಿನ ಕಬ್ಬಿಣದ ಬ್ಯಾರೆಲ್ ಸುಮಾರು 58 ಸೆಂ.ಮೀ. ಅಗಲ, 88 ಸೆಂ.ಮೀ. ಎತ್ತರ. 1:35ರದ್ದು ನಿಮ್ಮ ಬೋಟಿನಲ್ಲಿ 80 ಸೆಂ.ಮೀ. ಆಗಿ ಕುಳ್ಳಗಾಗುತ್ತದೆ. ಒಂದೇ ಇದ್ದು, ಅರ್ಧ ಟಾರ್ಪಾಲಿನ ಅಡಿಗೆ ಹೋದರೆ ನಡೆಯುತ್ತದೆ. ಲೈಫ್‌ಬಾಯ್ (ನೀರಿಗೆ ಬಿದ್ದವರಿಗೆ ಎಸೆಯುವ ತೇಲುವ ಬಳೆ) ಕೂಡ ಹಾಗೆ. ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಹೊರ ಅಗಲ 80 ಸೆಂ.ಮೀ. ದಾಟಬಾರದು, ಒಳಗಿನ ತೂತು 40ಕ್ಕಿಂತ ಕಡಿಮೆ ಇರಬಾರದು. ಆದ್ದರಿಂದ ನಿಮ್ಮ ಬೋಟಿನಲ್ಲಿ 25 ಮಿ.ಮೀ. ಮೀರಬಾರದು. 1:35ರದ್ದು ಸರಿಯಾಗುತ್ತದೆ. 1:24ರದ್ದು ಹಾಕಿದರೆ ಒಂದು ಮೀಟರ್ ಅಗಲದ ಬಳೆ ನೇತುಹಾಕಿದ ಹಾಗೆ!

ಇನ್ನೊಂದು, ಇದು ಮುಖ್ಯ. 1:35ರ ಸಾಮಾನು 1:32ರದ್ದಕ್ಕಿಂತ ನೂರಕ್ಕೆ 8.6ರಷ್ಟು ಚಿಕ್ಕದು. 1:30ರದ್ದು ನೂರಕ್ಕೆ 6.7ರಷ್ಟು ದೊಡ್ಡದು. ಬೋಟಿನ ಜೊತೆ ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡ ವ್ಯತ್ಯಾಸ ಅಲ್ಲ. ಆದರೆ 1:30ರ ವಿಂಚಿನ ಪಕ್ಕ 1:35ರ ಮನುಷ್ಯನನ್ನು ನಿಲ್ಲಿಸಿದರೆ ಅವೆರಡರ ನಡುವಿನ ಅಂತರ ನೂರಕ್ಕೆ 17 ಹತ್ತಿರ. ಅದು ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಚಿಕ್ಕ ಸ್ಕೇಲಿನದ್ದನ್ನೂ ದೊಡ್ಡ ಸ್ಕೇಲಿನದ್ದನ್ನೂ ಒಂದೇ ಕಡೆ ಸೇರಿಸಬೇಡಿ. ಲಂಗರು ಮೂತಿಯ ಹತ್ತಿರ, ಕ್ರೇಟು ಹಿಂದಿನ ಡೆಕ್ಕಿನಲ್ಲಿ, ನಡುವೆ ಕ್ಯಾಬಿನ್. ಆಗ ಒಂದು ಇನ್ನೊಂದನ್ನು ನೋಡುವುದಿಲ್ಲ.

ಬದಿಯಡ್ಕದಿಂದ

ಮಂಜೇಶ್ವರದ ಮಾಷ್ಟ್ರು ಹೇಳಿದ ಲೆಕ್ಕವನ್ನು ಮನುಷ್ಯರ ಮೇಲೆ ಹಾಕಿ ನೋಡಿ, ತಮಾಷೆ ಉಂಟು.

1:35ರಲ್ಲಿ ಸಿಗುವವರು ಹೆಚ್ಚಾಗಿ ಯುರೋಪ್, ಅಮೆರಿಕದ ಸಿಪಾಯಿಗಳು. 178 ಸೆಂ.ಮೀ. ಎತ್ತರದ ಆಳು 1:35ರಲ್ಲಿ ಸುಮಾರು 51 ಮಿ.ಮೀ. ಅವನನ್ನು ನಿಮ್ಮ ಬೋಟಿಗೆ ಹತ್ತಿಸಿದರೆ 163 ಸೆಂ.ಮೀ., ಅಂದರೆ 5 ಅಡಿ 4 ಇಂಚು. ನಮ್ಮ ಕರಾವಳಿಯ ಗಂಡಸರ ನಡುವೆ ಸುಮ್ನೆ ಬೆರೆತುಹೋಗುವ ಎತ್ತರ ಅಲ್ವಾ? ಇನ್ನು ‘54 ಮಿ.ಮೀ., 1:32’ ಅಂತ ಮಾರುವ ಗೊಂಬೆಗಳು. ಅವನ್ನು ಹಳೆಯ ಪದ್ಧತಿಯಲ್ಲಿ ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ನೆತ್ತಿಯವರೆಗೆ ಅಲ್ಲ. 54ನ್ನು 32ರಿಂದ ಗುಣಿಸಿದರೆ ಕಣ್ಣೇ 173 ಸೆಂ.ಮೀ. ಎತ್ತರದಲ್ಲಿ! ಹಣೆ, ನೆತ್ತಿ ಸೇರಿದರೆ ಆರಡಿ ಆಳು. ಒಬ್ಬನಾದರೆ ಸರಿ, ಇಡೀ ಬೋಟಿಗೆ ಆರಡಿಯವರೇ ಆದರೆ ಕ್ಯಾಬಿನ್ ಗೂಡಂಗಡಿಯ ಹಾಗೆ ಕಾಣುತ್ತದೆ. ಸರಿಯಾದ ಸ್ಕೇಲ್ ಬರೆದದ್ದೇ ಇಲ್ಲಿ ಕಡಿಮೆ ಹೊಂದುತ್ತದೆ.

ಆದರೆ ಇವರ ತಲೆ ಅವರಿಗೆ, ಅವರ ಕೈ ಇವರಿಗೆ ಅಂತ ಅಂಟಿಸಬೇಡಿ. ಎತ್ತರದ ವ್ಯತ್ಯಾಸವನ್ನು ಕಣ್ಣು ಒಪ್ಪುತ್ತದೆ, ತಲೆಯ ಗಾತ್ರದ್ದನ್ನು ಒಪ್ಪುವುದಿಲ್ಲ. ಒಂದೇ ಪೊಟ್ಟಣದಿಂದ ಬಂದವರನ್ನು ಒಟ್ಟಿಗೆ ಇಡಿ.

ಸಿಪಾಯಿಯನ್ನು ಮೀನುಗಾರ ಮಾಡುವುದು ಸುಲಭ. ಹೆಲ್ಮೆಟ್ ಇಲ್ಲದ ತಲೆ ಆರಿಸಿ. ಬೂಟನ್ನು ಬ್ಲೇಡಿನಿಂದ ಕೆರೆದು ಬರಿಗಾಲು ಮಾಡಿ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಸೊಂಟಕ್ಕೆ ಸುತ್ತಿದರೆ ಲುಂಗಿ. ಮೊಣಕಾಲಿಗೆ ಮಡಚಿ ಕಟ್ಟಿದರೆ ಪ್ಯಾಂಟೆಲ್ಲ ಅಡಿಯಲ್ಲಿ ಹೋಗುತ್ತದೆ.

ಅಂದಹಾಗೆ ಈ 1:35 ಹುಟ್ಟಿದ್ದೂ ಲೆಕ್ಕಾಚಾರದಿಂದ ಅಲ್ಲ. ಜಪಾನಿನ ತಮಿಯಾ ಕಂಪೆನಿ 1961ರಲ್ಲಿ ಮೋಟಾರಿನ ಟ್ಯಾಂಕ್ ಕಿಟ್ ಮಾಡಿತು. ಒಳಗೆ ಬ್ಯಾಟರಿ ಹಿಡಿಯುವಷ್ಟು ದೊಡ್ಡದು ಮಾಡಿದಾಗ ಬಂದದ್ದು 1:35. ಮತ್ತೆ ಎಲ್ಲರೂ ಅದನ್ನೇ ಹಿಡಿದರು. ಬ್ಯಾಟರಿಗಾಗಿ ಹುಟ್ಟಿದ ಸ್ಕೇಲಿಗೆ ನಾವು ಇಷ್ಟು ಹೆದರಬೇಕಾ?

ನೀಲೇಶ್ವರದಿಂದ

ಬೋಟು ಕಪಾಟಿಗಾ, ನೀರಿಗಾ ಅಂತ ನೀವು ಹೇಳಿಲ್ಲ. ನಾನು ರಿಮೋಟಿನ ಬೋಟು ಓಡಿಸುವವನು, ನಮಗೆ ಸ್ಕೇಲಿಗಿಂತ ತೂಕದ ಚಿಂತೆ.

ಉದ್ದ ಸ್ಕೇಲಿನ ಹಾಗೆ ಇಳಿಯುತ್ತದೆ, ತೂಕ ಅದರ ಘನದ ಹಾಗೆ. ನಿಜವಾದ ಬೋಟು 30 ಟನ್ ಅಂತ ಹಿಡಿದರೆ 1:32ರಲ್ಲಿ ಅದರ ತೂಕ 915 ಗ್ರಾಂ. ಮೋಟಾರು, ಬ್ಯಾಟರಿ, ಬಾಡಿ, ಡೆಕ್ಕಿನ ಸಾಮಾನು ಎಲ್ಲ ಅದರೊಳಗೇ ಮುಗಿಯಬೇಕು. ಮೀರಿದರೆ ನೀರಿನ ಗೆರೆ ಮುಳುಗುತ್ತದೆ. 1:30ರ ಲೋಹದ ವಿಂಚ್ 1:32ರದ್ದಕ್ಕಿಂತ ನೂರಕ್ಕೆ 21 ಜಾಸ್ತಿ ತೂಗುತ್ತದೆ. 1:24ರದ್ದಾದರೆ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಡೆಕ್ಕಿನ ಮೇಲೆ ಸೇರುವ ಪ್ರತಿ ಗ್ರಾಮೂ ಬೋಟನ್ನು ವಾಲಿಸುತ್ತದೆ. ಕಂಬದ ತುದಿಯ ದೀಪ ಅಥವಾ ರಾಟೆ ಲೋಹದ್ದಾದರಂತೂ ತಿರುಗಿಸುವಾಗ ಮಗುಚುವ ಹಾಗೆ ಆಗುತ್ತದೆ.

ಕಣ್ಣಿಗೆ ಸರಿ ಕಂಡ ದೊಡ್ಡ ಸಾಮಾನನ್ನು ಮರದಲ್ಲೋ ಪ್ಲಾಸ್ಟಿಕ್ಕಿನಲ್ಲೋ ನಕಲು ಮಾಡಿ ಹಾಕಿ. ಮೊದಲು ತೋಟದ ಕೆರೆಯಲ್ಲಿ ತೇಲಿಸಿ. ಸಾಮಾನು ಅಂಟಿಸದೆ ಜಾಗದಲ್ಲಿ ಸುಮ್ಮನೆ ಇಟ್ಟು, ಬೆರಳಿನಿಂದ ಒಂದು ಬದಿ ಒತ್ತಿ ಬಿಡಿ. ಚುರುಕಾಗಿ ಎದ್ದು ನಿಂತರೆ ಸರಿ. ಆಲಸಿಯ ಹಾಗೆ ನಿಧಾನ ಎದ್ದರೆ ಮೇಲಿನದ್ದು ಏನಾದರೂ ಇಳಿಸಬೇಕು.

ಉಪ್ಪಳದಿಂದ

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಯಾವುದೋ ಒಂದು ಬೋಟು ಅಂತಾದರೆ ಮಾಷ್ಟ್ರ ಲೆಕ್ಕ ಸಾಕು. ಆದರೆ ಇಂಥದ್ದೇ ಬೋಟು ಅಂತ ಹೆಸರು, ಐಎನ್‌ಡಿ-ಕೆಎಲ್ ನೋಂದಣಿ ನಂಬರು ಬರೆದು ನಿಲ್ಲಿಸಿದರೆ ಅದರಲ್ಲಿ ದುಡಿದವರು ಬಂದು ನೋಡುತ್ತಾರೆ. ಅವರ ಕಣ್ಣು ಕ್ರೇಟಿಗೆ, ಬ್ಯಾರೆಲಿಗೆ ಹೋಗುವುದಿಲ್ಲ. ನೇರ ವಿಂಚಿಗೆ, ಬಲೆಯ ಬಾಯಿ ಅಗಲಿಸುವ ಟ್ರಾಲ್ ಬೋರ್ಡಿಗೆ, ಹಿಂದಿನ ಕಮಾನಿಗೆ ಹೋಗುತ್ತದೆ. ಈ ಮೂರನ್ನು ಅಂಗಡಿಯಿಂದ ತರಬೇಡಿ, ಅಳತೆ ತೆಗೆದು ನೀವೇ ಮಾಡಿ.

ಅಳತೆ ತೆಗೆಯಲು ಟ್ರಾಲಿಂಗ್ ನಿಷೇಧದ ಸಮಯ ಒಳ್ಳೆಯದು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಬೋಟುಗಳೆಲ್ಲ ಕಟ್ಟಿ ನಿಂತಿರುತ್ತವೆ, ರಿಪೇರಿ ನಡೆಯುತ್ತಿರುತ್ತದೆ. ಟೇಪು ಹಿಡಿದು ಹೋಗಿ ಕೇಳಿದರೆ ಸಂತೋಷದಿಂದ ಹತ್ತಿಸಿಕೊಳ್ಳುತ್ತಾರೆ. ಮಳೆಗೆ ಕೊಡೆ ಮಾತ್ರ ಮರೆಯಬೇಡಿ.

ಬಲೆ, ಹಗ್ಗ, ಪೈಪುಗಳಲ್ಲಿ 32, 35 ಅಂತ ತಲೆ ಕೆಡಿಸಿಕೊಳ್ಳುವುದು ದಂಡ. 18 ಮಿ.ಮೀ. ಹಗ್ಗ 1:32ರಲ್ಲಿ 0.56, 1:35ರಲ್ಲಿ 0.51. ಯಾರು ಕಂಡರು? ಬಲೆಯ ಚೀಲದ ಕಣ್ಣು 35 ಮಿ.ಮೀ. ಇದ್ದರೆ ನಿಮಗೆ ಬೇಕಾದ್ದು 1.1 ಮಿ.ಮೀ. ಕಣ್ಣು. ಹಳೆಯ ಸೊಳ್ಳೆಪರದೆ ಅದರ ಹತ್ತಿರ ಬರುತ್ತದೆ, ಹಸಿರು ಬಣ್ಣದಲ್ಲಿ ಅದ್ದಿ ಮುದ್ದೆ ಮಾಡಿ ಹಾಕಿ. ಒಂದೂವರೆ ಇಂಚಿನ ಪೈಪು ಸುಮಾರು 1.2 ಮಿ.ಮೀ. ಹಿಡಿಸೂಡಿಯಿಂದ ಒಳ್ಳೆಯ ಕಡ್ಡಿ ಆರಿಸಿ, ಬುಡದ ಭಾಗ ಬಿಟ್ಟು ನಡುವಿನದ್ದು ಕತ್ತರಿಸಿದರೆ ರೇಲಿಂಗ್ ಆಯಿತು. ಮನೆಯವರನ್ನು ಕೇಳಿ ತೆಗೆಯಿರಿ.

ಕುಂಬಳೆಯಿಂದ, ಮತ್ತೆ

ಎಲ್ಲರಿಗೂ ಧನ್ಯವಾದ. ಬೋಟು ಕಪಾಟಿಗೆ, ನೀರಿಗೆ ಇಳಿಸುವುದಿಲ್ಲ. ನಿರ್ದಿಷ್ಟ ಬೋಟೂ ಅಲ್ಲ. ಮಾಷ್ಟ್ರೇ, ಎರಡು ಸಂಶಯ ಉಳಿದಿದೆ. ಕ್ಯಾಬಿನ್ ಬಾಗಿಲು 50 ಮಿ.ಮೀ. ಎತ್ತರ ಮಾಡಿದ್ದೇನೆ. 51ರ ಆಳು ಅದರ ಪಕ್ಕ ನಿಂತರೆ ತಲೆ ಬಡಿಯುತ್ತದಲ್ಲ? ಮತ್ತೆ 1:24 ಕಾರಿನ ಸ್ಟಿಯರಿಂಗ್ ಏನು ಮಾಡಲಿ?

ಮಂಜೇಶ್ವರದಿಂದ

50 ಮಿ.ಮೀ. ಅಂದರೆ 160 ಸೆಂ.ಮೀ. ಬಾಗಿಲು. ಬೋಟಿನ ಕ್ಯಾಬಿನಿಗೆ ತಲೆ ತಗ್ಗಿಸಿಯೇ ಹೋಗುವುದು, ಹಾಗಾಗಿ ಬಾಗಿಲು ಸುಳ್ಳಲ್ಲ. ಆದರೂ ಆಳನ್ನು ಬಾಗಿಲ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ಬಾಗಿಲು, ಏಣಿ, ರೇಲಿಂಗ್, ಇವು ಮನುಷ್ಯನ ಮೈಗೆ ಹೊಂದಿಸಿ ಮಾಡಿದವು. ನೋಡುವವರು ಸ್ಕೇಲ್ ಅಳೆಯುವುದು ಇವುಗಳ ಪಕ್ಕದಲ್ಲೇ. ಕೂತವನ, ಬಗ್ಗಿದವನ ಎತ್ತರ ಯಾರಿಗೂ ತಿಳಿಯುವುದಿಲ್ಲ. ಇಬ್ಬರನ್ನು ಬಲೆ ಹೊಲಿಯಲು ಕೂರಿಸಿ, ಒಬ್ಬನನ್ನು ಹಗ್ಗ ಎಳೆಯಲು ಬಗ್ಗಿಸಿ.

ಸ್ಟಿಯರಿಂಗ್ ಧಾರಾಳ ಹಾಕಿ. 38 ಸೆಂ.ಮೀ. ಚಕ್ರ 1:24ರಲ್ಲಿ ಸುಮಾರು 16 ಮಿ.ಮೀ., ನಿಮ್ಮಲ್ಲಿ 51 ಸೆಂ.ಮೀ. ಬೋಟಿನ ಚಕ್ರಕ್ಕೆ ಸರಿಯಾದ ಗಾತ್ರ. ನಡುವಿನ ಹಾರ್ನ್ ಗುಂಡಿ ಕೆರೆದು ತೆಗೆದರೆ ಸಾಕು.

ಬೆರೆಸಿದರೆ ಪಾಪ ಅಂತ ಯಾರಾದರೂ ಹೇಳಿದರೆ ಬ್ರಿಟಿಷ್ ಮಾದರಿ ರೈಲುಗಳನ್ನು ತೋರಿಸಿ. ಅಲ್ಲಿನ ಓಓ ಎಂಬ ಜಾತಿಯ ಮಾದರಿ ರೈಲಿನಲ್ಲಿ ಬೋಗಿ ಅಡಿಗೆ 4 ಮಿ.ಮೀ., ಅಂದರೆ ಸುಮಾರು 1:76. ಹಳಿಯ ಅಗಲ 16.5 ಮಿ.ಮೀ., ಅದು ಅಡಿಗೆ ಮೂರೂವರೆ ಮಿ.ಮೀ. ಲೆಕ್ಕದ ಇನ್ನೊಂದು ಸ್ಕೇಲ್ ಆದ ಎಚ್‌ಓ ಹಳಿ, ಸುಮಾರು 1:87. ತಲೆಮಾರುಗಳಿಂದ ಹಾಗೇ ಓಡುತ್ತಿದೆ.

ಬದಿಯಡ್ಕದಿಂದ

ಅಂಟಿಸುವ ಮೊದಲು ಒಂದು ಕೆಲಸ ಮಾಡಿ ಅಣ್ಣ. ಎಲ್ಲ ಸಾಮಾನನ್ನೂ ಒಂದೊಂದು ಚೂರು ಮೇಣದಲ್ಲಿ ನಿಲ್ಲಿಸಿ, ಮೊಬೈಲನ್ನು ಡೆಕ್ಕಿನ ಮಟ್ಟಕ್ಕೆ ಇಳಿಸಿ ಫೋಟೋ ತೆಗೆಯಿರಿ. ಮೇಲಿನಿಂದ ನೋಡುವಾಗ ಕಾಣದ್ದು ಅಲ್ಲಿ ಕಾಣುತ್ತದೆ. ತೀರಾ ಹತ್ತಿರ ಹಿಡಿಯಬೇಡಿ, ಮುಂದಿನದ್ದು ಸುಮ್ನೆ ದೊಡ್ಡದಾಗುತ್ತದೆ. ಎರಡಡಿ ದೂರದಿಂದ ಝೂಮ್ ಮಾಡಿ. ನಿಮಗೆ ಸಂಶಯ ಬಂದದ್ದರ ಅಳತೆಯ ಜೊತೆ ಇಲ್ಲಿ ಹಾಕಿ, ನಾವೂ ನೋಡಿ ಹೇಳುತ್ತೇವೆ.